ರಾಕೆಟ್ಟಿನ ಸಣ್ಣಪ್ಪನೂ ನಮ್ಮ ಕತೆ ಮೇಷ್ಟ್ರೂ

ಮೇಷ್ಟ್ರ ಗಂಟಲಿನ ಗಂಟು ಬಹಳ ದೊಡ್ಡದು. ಕತ್ತು ತೆಳ್ಳಗೆ, ಉದ್ದಕ್ಕೆ. ಅದರ ನಡುವೆ ಆ ಗಂಟು, ಇಡೀ ನೆಲ್ಲಿಕಾಯಿ ನುಂಗಲು ಹೋಗಿ ಅರ್ಧಕ್ಕೇ ಸಿಕ್ಕಿಸಿಕೊಂಡವರ ಹಾಗೆ ಎದ್ದು ಕಾಣುತ್ತಿತ್ತು. ಟೆಂಟಿನ ಕತ್ತಲಲ್ಲಿ ಪರದೆಯ ಪಕ್ಕ ಹಲಗೆ ಹಾಕಿದ ಜಗಲಿಯ ಮೇಲೆ ನಿಂತು ಅವರು ಕತೆ ಹೇಳುವಾಗ, ಪರದೆಯ ಬೆಳಕಿಗೆ ಅವರ ಪಕ್ಕಮುಖ ಕಪ್ಪಗೆ ಕಾಣುತ್ತಿತ್ತು. ಕಣ್ಣು ಮೂಗು ಕಾಣದಿದ್ದರೂ ಆ ಗಂಟು ಮೇಲೆ ಕೆಳಗೆ ಓಡಾಡುವುದು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಹಿಂದಿನ ಕ್ಯಾಬಿನ್ನಿನ ಕಿಂಡಿಯಿಂದ ನಾನು ಸಿನಿಮಾಕ್ಕಿಂತ ಹೆಚ್ಚಾಗಿ ಅದನ್ನೇ ನೋಡುತ್ತಿದ್ದೆ. ಗಂಟು ಮೇಲೆ ಹೋಗಿ ನಿಂತಿತೆಂದರೆ ಉಸಿರು ತೆಗೆದುಕೊಳ್ಳುತ್ತಿದ್ದಾರೆ, ಒಂದು ಉದ್ದನೆಯ ಮಾತು ಬರುತ್ತದೆ ಎಂದು ಅರ್ಥ.

ನಾನು ಹುಣಸೂರಿನ ಆ ಟೆಂಟ್ ಸಿನಿಮಾದ ಆಪರೇಟರ್. ಭೇರ್ಯದ ಕಡೆಯವನು. ಅಪ್ಪನಿಗೆ ನಾಲೆ ಕೆಳಗೆ ಒಳ್ಳೆಯ ಗದ್ದೆ ಇತ್ತು, ನನಗೆ ಕೆಸರೆಂದರೆ ಆಗುತ್ತಿರಲಿಲ್ಲ. ಮೈಸೂರಿಗೆ ಹೋಗಿ ಪ್ರೊಜೆಕ್ಟರ್ ನಡೆಸುವುದನ್ನು ಕಲಿತು, ಹುಣಸೂರಿನಲ್ಲಿ ಕೆಲಸ ಹಿಡಿದು, ಮದುವೆಯೂ ಆಗಿ, ಬಸ್ ಸ್ಟ್ಯಾಂಡಿನ ಹಿಂದೆ ಒಂದು ಬಾಡಿಗೆ ಮನೆಯಲ್ಲಿದ್ದೆ. ಮೇಷ್ಟ್ರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ರಾವಂದೂರಿನ ಶಿವಭಕ್ತರ ಮನೆತನ. ಹಣೆಯಲ್ಲಿ ವಿಭೂತಿ ಇಲ್ಲದೆ ಅವರನ್ನು ಕಂಡವರಿಲ್ಲ. ಸುಗ್ಗಿ ಮುಗಿದ ಮೇಲೆ ಪಿರಿಯಾಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುತ್ತಿದ್ದರು. ಹಾಗೆ ಬಂದ ಮೇಷ್ಟ್ರ ಪಟ್ಟ ಹುಣಸೂರಿಗೂ ಅವರ ಜೊತೆಗೇ ಬಸ್ಸು ಹತ್ತಿ ಬಂದಿತ್ತು.

ಆಗ ಕನ್ನಡ ಸಿನಿಮಾಗಳು ಕೈಬೆರಳಲ್ಲಿ ಎಣಿಸುವಷ್ಟು. ಟೆಂಟು ಬದುಕಬೇಕಾದರೆ ತಮಿಳು, ಹಿಂದಿ, ಇಂಗ್ಲಿಷು ಯಾವುದಾದರೂ ಸರಿ, ಹಾಕಲೇಬೇಕು. ಜನಕ್ಕೆ ತಿಳಿಯಬೇಕಲ್ಲ? ಅದಕ್ಕೆ ಮೇಷ್ಟ್ರು. ಪರದೆ ಪಕ್ಕ ನಿಂತು, ತಗಡಿನ ಕೊಳವೆಯನ್ನು ಬಾಯಿಗಿಟ್ಟುಕೊಂಡು, ಅಲ್ಲಿ ನಡೆಯುವುದನ್ನೆಲ್ಲ ಕನ್ನಡದಲ್ಲಿ ಹೇಳುವುದು ಅವರ ಕೆಲಸ. ಅವರ ಜಗಲಿಯಿಂದ ನನ್ನ ಕ್ಯಾಬಿನ್ನಿಗೆ ಕಂಬದಿಂದ ಕಂಬಕ್ಕೆ ಒಂದು ಹುರಿ ಕಟ್ಟಿದ್ದೆವು. ಅದರ ಈ ತುದಿ ನನ್ನ ಎಡಗೈ ಮಣಿಕಟ್ಟಿಗೆ. ಅವರು ಒಂದು ಸಲ ಜಗ್ಗಿದರೆ ನಾನು ಸಿನಿಮಾದ ಸದ್ದು ತಗ್ಗಿಸಬೇಕು, ಮೇಷ್ಟ್ರು ಮಾತಾಡುತ್ತಾರೆ. ಎರಡು ಸಲ ಜಗ್ಗಿದರೆ ಏರಿಸಬೇಕು, ಹೊಡೆದಾಟವೋ ಹಾಡೋ ಬಂತು ಎಂದು ಅರ್ಥ. ಇಂಗ್ಲಿಷ್ ಅವರಿಗೆ ನನ್ನಷ್ಟೇ ಬರುತ್ತಿತ್ತು, ಅಂದರೆ ಬರುತ್ತಿರಲಿಲ್ಲ. ಮೈಸೂರಿನ ಬಸ್ಸಿನಲ್ಲಿ ಫಿಲಂ ಡಬ್ಬಿ ಬಂದ ದಿನ ಮಧ್ಯಾಹ್ನ ಟೆಂಟಿನ ಹಿಂದೆ ಕೂತು, ಸುರುಳಿ ಬಿಚ್ಚಿ, ಬಿಸಿಲಿಗೆ ಹಿಡಿದು ಒಂದೊಂದೇ ಚಿತ್ರ ನೋಡುತ್ತಾ ಕತೆ ಕಟ್ಟುತ್ತಿದ್ದರು. ಕಟ್ಟಿದ್ದು ಎಷ್ಟೋ ಸಲ ಇಂಗ್ಲಿಷಿನವರ ಕತೆಗಿಂತ ಚೆನ್ನಾಗಿರುತ್ತಿತ್ತು ಎಂದು ನನಗೆ ಈಗಲೂ ಅನುಮಾನವಿಲ್ಲ.

ರಷ್ಯಾದವರು ಆಕಾಶಕ್ಕೆ ಒಂದು ಲೋಹದ ಚೆಂಡನ್ನು ಹಾರಿಸಿದರು, ಅದು ಭೂಮಿಯನ್ನು ಸುತ್ತುತ್ತಿದೆ ಎಂದು ಪೇಪರಿನಲ್ಲಿ ಬಂದ ಕಾಲ ಅದು. ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಜನ ಕತ್ತು ನೋಯುವವರೆಗೆ ಮೇಲೆ ನೋಡುತ್ತಾ ನಿಲ್ಲುತ್ತಿದ್ದರು. ನಮ್ಮ ಟೆಂಟಿನ ಯಜಮಾನರು ಹೊಗೆಸೊಪ್ಪಿನ ವ್ಯಾಪಾರದಿಂದ ಬಂದವರು, ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಅವರಿಗೆ ಬೇಗ ಗೊತ್ತಾಗುತ್ತಿತ್ತು. ಎಲ್ಲಿಂದಲೋ ಒಂದು ಹಳೆಯ ಇಂಗ್ಲಿಷ್ ಸೀರಿಯಲ್ ಹಿಡಿದುಕೊಂಡು ಬಂದರು. ರಾಕೆಟ್ಟಿನಲ್ಲಿ ಅಂಗಾರಕ ಲೋಕಕ್ಕೆ, ಅಂದರೆ ಮಂಗಳ ಗ್ರಹಕ್ಕೆ, ಹೋದವರ ಕತೆ. ವಾರಕ್ಕೊಂದು ಕಂತು, ಶನಿವಾರ ಮೊದಲ ಆಟದಲ್ಲಿ, ದೊಡ್ಡ ಸಿನಿಮಾಕ್ಕೆ ಮುಂಚೆ. ಪ್ರತಿ ಕಂತಿನ ಕೊನೆಗೂ ಯಾರೋ ಸಾಯುವ ಹಾಗಾಗಿ ಚಿತ್ರ ನಿಂತುಬಿಡುವುದು, ಏನಾಯಿತು ಎಂದು ನೋಡಲು ಮುಂದಿನ ವಾರ ಮತ್ತೆ ಬರಬೇಕು.

ಮೊದಲನೆಯ ಕಂತಿನ ಡಬ್ಬಿ ಬರಲೇ ಇಲ್ಲ. ಕೊಟ್ಟವರು ಎರಡನೆಯದರಿಂದಲೇ ಶುರು ಮಾಡಿ ಎಂದರಂತೆ. ಎಡವಟ್ಟು ಆಗಿದ್ದು ಅಲ್ಲಿಯೇ. ಮೇಷ್ಟ್ರ ನಾಟಕಗಳಲ್ಲಿ ಒಂದು ಪದ್ಧತಿ: ಪ್ರಾರ್ಥನೆ ಮುಗಿದು ಪರದೆ ಎದ್ದಾಗ ರಂಗದ ಮೇಲೆ ಮೊದಲು ಕಾಣುವವನೇ ಕಥಾನಾಯಕ. ನಮಗೆ ಬಂದ ಡಬ್ಬಿಯಲ್ಲಿ ಮೊದಲು ಕಂಡವನು ಕುಳ್ಳಗೆ, ಬಡಕಲಾಗಿ, ಕನ್ನಡಕ ಹಾಕಿಕೊಂಡು, ಬೆವರು ಒರೆಸಿಕೊಳ್ಳುತ್ತಾ ರಾಕೆಟ್ಟಿನ ನಟ್ಟು ಬಿಗಿಯುತ್ತಿದ್ದ ಒಬ್ಬ ಆಸಾಮಿ. ಮೇಷ್ಟ್ರು ಅವನನ್ನೇ ಹೀರೋ ಮಾಡಿದರು. ಸಣ್ಣಪ್ಪ ಎಂದು ಹೆಸರಿಟ್ಟರು. ಅವನ ಹಿಂದೆಯೇ ಕೈ ಮಾಡಿ ಅಪ್ಪಣೆ ಕೊಡುತ್ತಾ ಬಂದ ಎತ್ತರದ, ಚೆಲುವಾದ ಆಳು ಸಾಹೇಬನಾದ. ಸಣ್ಣಪ್ಪ ಕೆ.ಆರ್. ನಗರದ ನಾಲೆ ಕೆಲಸದಲ್ಲಿ ಪಂಪು ರಿಪೇರಿ ಮಾಡಿಕೊಂಡಿದ್ದವನೆಂದೂ, ಸಾಹೇಬ ಅವನನ್ನು ಏನೋ ಆಸೆ ತೋರಿಸಿ ರಾಕೆಟ್ಟು ಹತ್ತಿಸಿದನೆಂದೂ ಮೇಷ್ಟ್ರು ಅಲ್ಲೇ ನಿಂತ ನಿಲುವಿನಲ್ಲೇ ಹೇಳಿಬಿಟ್ಟರು. ರಾಕೆಟ್ಟು ಎದ್ದಾಗ ಆ ಕುಳ್ಳ ಆಸಾಮಿ ಮೂರ್ಛೆ ಹೋದ. ಟೆಂಟಿಗೆ ಟೆಂಟೇ ಅಯ್ಯೋ ಎಂದಿತು.

ಮುಂದಿನ ವಾರ ಪೋಸ್ಟರು ಬಂತು. ಅದರ ತುಂಬ ಸಾಹೇಬನೇ. ಸಣ್ಣಪ್ಪ ಎಲ್ಲಿ ಎಂದು ಹುಡುಕಿದರೆ ಕೆಳಗಿನ ಮೂಲೆಯಲ್ಲೂ ಇಲ್ಲ.

ಯಜಮಾನರು ಪೋಸ್ಟರನ್ನು ಮೇಷ್ಟ್ರ ಮುಂದೆ ಹರಡಿ, “ಏನ್ರೀ ಮೇಷ್ಟ್ರೆ, ಪೋಸ್ಟರಲ್ಲಿ ಇರೋನ್ನ ಬುಟ್ಟು ಇಲ್ದೆ ಇರೋನ್ನ ಈರೋ ಮಾಡ್ಬುಟ್ಟಿದ್ದೀರಲ್ರೀ!” ಎಂದರು.

ಮೇಷ್ಟ್ರು ಬಹಳ ಹೊತ್ತು ಪೋಸ್ಟರು ನೋಡಿದರು. “ತಪ್ಪಾಗದೆ ಯಜಮಾನ್ರೆ. ಆದ್ರೆ ಜನ ಒಪ್ಕಬುಟ್ಟವ್ರೆ. ಈಗ ಎಂಗ್ ವಾಪಸ್ ಈಸ್ಕಳ್ಳಿ?”

“ಇವತ್ತು ಸರಿಯಾಗಿ ಯೋಳ್ಬುಡಿ, ಎತ್ತರದೋನೇ ಈರೋ ಅಂತ.”

“ಯೋಳ್ಬೋದು. ಯಾರ್ ನಂಬ್ತಾರೆ?”

ಯಜಮಾನರಿಗೆ ನಂಬುವವರಿಗಿಂತ ಬರುವವರು ಮುಖ್ಯ. ಆ ಶನಿವಾರ ಟೆಂಟಿನ ಮುಂದೆ ಜನ ನೋಡಿದ ಮೇಲೆ ಪೋಸ್ಟರನ್ನು ಸುಮ್ಮನೆ ಸುತ್ತಿ ಒಳಗಿಟ್ಟರು.

ಹೀರೋ ಅಂದರೆ ಯಾರು ಎಂಬ ವಿಷಯದಲ್ಲಿ ಮೇಷ್ಟ್ರ ತಲೆ ಅಲ್ಲಿಂದ ಓಡತೊಡಗಿತು. ಅದುವರೆಗೆ ಕೃಷ್ಣನೋ ಭೀಮನೋ ಹೇಗೂ ಇರುತ್ತಿದ್ದರಿಂದ ಯೋಚಿಸುವ ಅಗತ್ಯವೇ ಬಿದ್ದಿರಲಿಲ್ಲ. ನಮ್ಮ ಮನೆಯ ಜಗಲಿಯ ಮೇಲೆ ಕೂತು, ಹೊಗೆಸೊಪ್ಪಿನ ಕಡ್ಡಿಪುಡಿ ತಿಕ್ಕುತ್ತಾ ನನಗೆ ಪಾಠ ಮಾಡುತ್ತಿದ್ದರು. “ಆ ಸಾಹೇಬ್ನ ನೋಡ್ಲಾ. ಬೆಟ್ಟದ ಮ್ಯಾಲಿಂದ ಬೀಳ್ತಾನೆ. ಮುಂದ್ಲ ವಾರ ನೋಡುದ್ರೆ ಬಿದ್ದೇ ಇಲ್ಲ, ಪಕ್ಕದಲ್ಲಿ ನಿಂತವ್ನೆ, ಕ್ರಾಪೂ ಕೆದರಿಲ್ಲ. ಇವ್ನು ಸಾಯಲ್ಲ ಅಂತ ಗೊತ್ತಾದ್ ಮ್ಯಾಲೆ ನಮ್ಗ್ಯಾತರ ಭಯ? ಎದರ್ದೆ ಇರೋನು ಈರೋ ಅಲ್ಲ ಕಣ್ಲಾ, ಅವ್ನು ಬಂಡೆ. ಬಂಡೆ ನೋಡಕ್ಕೆ ಯಾರ್ಲಾ ಕಾಸು ಕೊಟ್ಟು ಬತ್ತಾರೆ?”

“ಸಣ್ಣಪ್ಪನೂ ಸಾಯಲ್ವಲ್ಲ ಮೇಷ್ಟ್ರೆ,” ಎಂದೆ ನಾನು, ಸುಮ್ಮನೆ ಕೆಣಕಲು.

“ಸಾಯಲ್ಲ. ಆದ್ರೆ ವಾರ ವಾರಕ್ಕೂ ಅವ್ನಿಗೆ ಏನಾರ ಕಮ್ಮಿ ಆಯ್ತಾ ಅದೆ, ನೋಡಿದ್ಯಾ? ಒಂದ್ ವಾರ ಕನ್ನಡಕ ಓಯ್ತು. ಒಂದ್ ವಾರ ಕೈ ಸುಟ್ಕಂಡ. ಈಗ ಕುಂಟ್ತಾವ್ನೆ. ವಾಪಸ್ ಬರ್ನಿಲ್ಲ ಯಾವ್ದೂವೆ. ಕಾಲು ಗಡಗಡ ಅಂತದೆ, ಕೈ ಮಾತ್ರ ಕೆಲ್ಸ ಬುಡಾಕಿಲ್ಲ. ಅದು ಕಣ್ಲಾ ಈರೋ.”

ನಿಜ ಹೇಳಬೇಕೆಂದರೆ ಅದು ನೋಡುವವರನ್ನು ನಗಿಸಲು ಇಟ್ಟುಕೊಂಡ ಪಾತ್ರವಿರಬೇಕು. ಅವನು ಎಡವಿದಾಗ ಇಂಗ್ಲಿಷಿನವರು ಪೀಪಿ ಊದುತ್ತಿದ್ದರು. ಆ ಪೀಪಿ ಶುರುವಾಗುವ ಮೊದಲೇ ನನ್ನ ಮಣಿಕಟ್ಟಿನ ಹುರಿ ಒಂದು ಸಲ ಜಗ್ಗುತ್ತಿತ್ತು. ಸದ್ದು ತಗ್ಗಿದ ಮೇಲೆ ಮೇಷ್ಟ್ರ ದನಿ: “ನೋಡ್ರಪ್ಪಾ, ಬಿದ್ದ. ಅನ್ನ ಕಂಡು ಎಷ್ಟು ದಿನ ಆಯ್ತೋ.” ಟೆಂಟಿನಲ್ಲಿ ಒಬ್ಬರೂ ನಗುತ್ತಿರಲಿಲ್ಲ. ಅವನು ಟ್ಯೂಬಿನಿಂದ ಏನೋ ಹಿಂಡಿಕೊಂಡು ತಿಂದಾಗ ಮೇಷ್ಟ್ರು ಅದನ್ನು ಅವನ ಹೆಂಡತಿ ಕಟ್ಟಿಕೊಟ್ಟ ಹುಚ್ಚೆಳ್ಳು ಚಟ್ನಿ ಎಂದರು. ಅಂಗಾರಕದ ಚಳಿಗೆ ಅದು ಗಟ್ಟಿಯಾಗಿಬಿಟ್ಟಿದೆ ಎಂದೂ ಸೇರಿಸಿದರು.

ಊರಿಗೆ ಊರೇ ಸಣ್ಣಪ್ಪನ ನಂಟನಾಯಿತು. ಹೊಗೆಸೊಪ್ಪು ತಂದ ಗಾಡಿಯವರು ಹರಾಜು ಮುಗಿದರೂ ಊರಿಗೆ ಹೋಗದೆ ಶನಿವಾರಕ್ಕೆ ನಿಲ್ಲುತ್ತಿದ್ದರು. ಮಡಿಕೇರಿ ಬಸ್ಸಿನ ಡ್ರೈವರು ಟೆಂಟಿನ ಮುಂದೆ ನಿಧಾನ ಮಾಡಿ, “ಸಣ್ಣಪ್ಪನ ಕಾಲು ಎಂಗದೆ?” ಎಂದು ಕೂಗಿ ಕೇಳಿಕೊಂಡು ಹೋಗುತ್ತಿದ್ದ. ಎಚ್.ಡಿ. ಕೋಟೆಯಿಂದ ಬಂದ ಗೌಡರೊಬ್ಬರು ಸುಟ್ಟ ಕೈಗೆ ಹಚ್ಚುವ ಸೊಪ್ಪಿನ ಹೆಸರನ್ನು ಮೇಷ್ಟ್ರಿಗೆ ಬಹಳ ಗಂಭೀರವಾಗಿ ಹೇಳಿ ಹೋದರು. ಟೆಂಟಿನ ಬಾಗಿಲಲ್ಲಿ ಹುರಿದ ಕಡ್ಲೆಕಾಯಿ ಮಾರುತ್ತಿದ್ದ ಅಜ್ಜಿಯಂತೂ ಮೇಷ್ಟ್ರ ಕೈಗೆ ದಿನಾ ಒಂದು ಹಿಡಿ ಕಡ್ಲೆಕಾಯಿ ಹಾಕಿ, “ಅವ್ನ ಮಾತ್ರ ಸಾಯುಸ್ಬ್ಯಾಡಿ ಕಣಪ್ಪಾ,” ಎಂದು ಬೇಡಿಕೊಳ್ಳುತ್ತಿದ್ದಳು.

“ನನ್ ಕೈಲೇನದವ್ವಾ? ಡಬ್ಬಿ ಮೈಸೂರಿಂದ ಬತ್ತದೆ,” ಎಂದು ಮೇಷ್ಟ್ರು ನಗುತ್ತಿದ್ದರು. ಅಜ್ಜಿ ನಂಬುತ್ತಿರಲಿಲ್ಲ.

ದನಿ ಒಡೆಯಲು ಶುರುವಾಗಿದ್ದು ಆ ನಡುವೆಯೇ. ಮೊದಮೊದಲು ಮಾತಿನ ಕೊನೆ ಮಾತ್ರ ಗೊರಗೊರ ಎನ್ನುತ್ತಿತ್ತು. ಟೆಂಟಿನ ಧೂಳು ಎಂದರು, ಕಡ್ಡಿಪುಡಿಯ ಕಾರ ಎಂದರು. ನನ್ನ ಹೆಂಡತಿ ಮೆಣಸಿನ ಕಷಾಯ ಮಾಡಿ ಕೊಟ್ಟಳು, ಯಜಮಾನರು ಎಲ್ಲಿಂದಲೋ ಜೇನು ತರಿಸಿದರು. ಏನು ಕುಡಿದರೂ ಮುಂದಿನ ಶನಿವಾರದ ದನಿ ಹಿಂದಿನ ಶನಿವಾರದ್ದಕ್ಕಿಂತ ಕೀಳು. ನಾನು ಸಿನಿಮಾದ ಸದ್ದನ್ನು ಮೊದಲಿಗಿಂತ ತಗ್ಗಿಸಬೇಕಾಯಿತು. ಆಮೇಲೆ ಇನ್ನೂ ತಗ್ಗಿಸಬೇಕಾಯಿತು. ಜನರೂ ಅವರಾಗಿಯೇ ಮುಂದಕ್ಕೆ ಸರಿದು ಕೂರತೊಡಗಿದರು. ಮಕ್ಕಳು ಅತ್ತರೆ ತಾಯಂದಿರು ಎತ್ತಿಕೊಂಡು ಹೊರಗೆ ಹೋಗುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು, ಯಾರೂ ಏನೂ ಮಾಡುವ ಹಾಗಿರಲಿಲ್ಲ. ಒಬ್ಬ ಮನುಷ್ಯ ಕಣ್ಣೆದುರಿಗೇ ಸ್ವಲ್ಪ ಸ್ವಲ್ಪವಾಗಿ ಮುಗಿದುಹೋಗುವುದನ್ನು ಟಿಕೆಟ್ಟು ಕೊಂಡು ನೋಡುವುದು ಎಂಥ ಶಿಕ್ಷೆ ಎಂದು ನನಗೆ ಆಗ ಅನ್ನಿಸುತ್ತಿತ್ತು. ಈಗಲೂ ನೆನೆದರೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಮಾತ್ರ ಗೊತ್ತಿಲ್ಲ.

ಹುಣಸೂರಿನ ಡಾಕ್ಟರು ಬಾಯಿಗೆ ಬ್ಯಾಟರಿ ಬಿಟ್ಟು ನೋಡಿ, ಮೈಸೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ನಾನೇ ಕರೆದುಕೊಂಡು ಹೋದೆ. ಅಲ್ಲಿ ಗಂಟಲಿಗೆ ಸಣ್ಣ ಕನ್ನಡಿ ಇಳಿಸಿ ನೋಡಿದ ಡಾಕ್ಟರು ಸುತ್ತು ಬಳಸದೆ ಹೇಳಿದರು: ದನಿಪೆಟ್ಟಿಗೆಯ ಮೇಲೆ ಗಡ್ಡೆ ಬೆಳೆದಿದೆ. ಪೆಟ್ಟಿಗೆಯನ್ನೇ ತೆಗೆಯಬೇಕು. ತೆಗೆದರೆ ಮಾತು ಹೋಗುತ್ತದೆ, ಬಿಟ್ಟರೆ ಪ್ರಾಣ ಹೋಗುತ್ತದೆ. ಎಷ್ಟು ಬೇಗ ಬಂದರೆ ಅಷ್ಟು ಒಳ್ಳೆಯದು. ವಾಪಸು ಬರುವ ಬಸ್ಸಿನಲ್ಲಿ ಬಿಳಿಕೆರೆ ದಾಟಿದ ಮೇಲೆ ಮೇಷ್ಟ್ರು ಕಿಟಕಿಯ ಕಡೆ ನೋಡಿಕೊಂಡೇ, “ಸಣ್ಣಪ್ಪನ್ನ ಅಂಗಾರಕದಲ್ಲಿ ಬುಟ್ಟು ಎಂಗ್ಲಾ ಓಗ್ಲಿ? ಇನ್ನೇನು ಸ್ವಲ್ಪ ಕಂತು ಅವೆ,” ಎಂದರು.

ರಾವಂದೂರಿನಿಂದ ಅವರ ಹೆಂಡತಿ ಬಂದರು. ಕಡಿಮೆ ಮಾತಿನ ಹೆಂಗಸು. ನಮ್ಮ ಮನೆಯ ಒಳಗೆ ನನ್ನ ಹೆಂಡತಿಯ ಪಕ್ಕ ಕೂತು, ಹೊರಗೆ ಜಗಲಿಯಲ್ಲಿದ್ದ ಗಂಡನಿಗೆ ಕೇಳುವ ಹಾಗೆ ಹೇಳಿದರು: “ಊರೋರ್ಗೆ ಅವ್ರ ದನಿ ಬೇಕು. ನಂಗೆ ಅವ್ರು ಬೇಕು. ಮೂಗ್ರಾಗಿ ಮನೇಲಿ ಕೂತಿರ್ಲಿ, ನಾನೇ ಮಾತಾಡ್ಕತೀನಿ ಇಬ್ರ ಪಾಲಿಂದೂವೆ.” ಮೇಷ್ಟ್ರು ಜಗಲಿಯಿಂದ ಎದ್ದು ಹೊಳೆಯ ಕಡೆ ನಡೆದುಬಿಟ್ಟರು. ಆಕೆ ಎರಡು ದಿನ ಕಾದು, ಸೆರಗಿನಲ್ಲಿ ಮೂಗು ಒರೆಸಿಕೊಂಡು ಪಿರಿಯಾಪಟ್ಟಣದ ಬಸ್ಸು ಹತ್ತಿದರು.

ಆಕೆ ಹೋದ ದಿನ ಬೆಳಿಗ್ಗೆ ಲಕ್ಷ್ಮಣತೀರ್ಥ ಹೊಳೆಯ ಮೆಟ್ಟಿಲ ಹತ್ತಿರ ನನಗೆ ಮೇಷ್ಟ್ರ ಮೇಲೆ ರೇಗಿಹೋಯಿತು. ಆ ಸುಡುಗಾಡು ರಾಕೆಟ್ಟಿಗೋಸ್ಕರ ಪ್ರಾಣ ಕಳಕೊಳ್ತೀರಾ ಎಂದು ಕೇಳಿದೆ. ಅವರು ಒದ್ದೆ ಪಂಚೆ ಹಿಂಡುತ್ತಿದ್ದವರು ಹಾಗೆಯೇ ಕೂತರು.

“ಸಣ್ಣಪ್ಪ ಒಂದ್ ನೆಪ ಕಣೋ,” ಎಂದರು. ಆಗಲೇ ಮಾತು ಅರ್ಧ ಗಾಳಿಯಾಗಿತ್ತು. “ನಂಗೆ ಕತ್ತರಿ ಅಂದ್ರೆ ಪ್ರಾಣ ಓಯ್ತದೆ. ದನಿ ತಗದ್ಮ್ಯಾಲೆ ಉಳ್ಯೋನು ಯಾರು, ನಾನಾ? ಈರೋ ಎದರ್ಕಬೇಕು ಅಂತ ಊರ್ಗೆಲ್ಲ ಯೋಳ್ದೆ. ಎದರ್ಕಂಡ್ರೆ ಎಂಗಿರ್ತದೆ ಅಂತ ಈಗ ಗೊತ್ತಾಯ್ತಾ ಅದೆ. ನಂಗೆ ಕಾಲೂ ನಡುಗ್ತದೆ, ಕೈಯೂ ನಡುಗ್ತದೆ.”

ಧೈರ್ಯ ಹೇಳಲು ಬಾಯಿ ತೆರೆದೆ, ನನ್ನ ಗಂಟಲಿಗೆ ಏನೂ ಆಗಿಲ್ಲವೆಂಬುದು ನೆನಪಾಗಿ ನಾಚಿಕೆಯಾಯಿತು. ಅವರ ಪಂಚೆಯನ್ನು ತೆಗೆದುಕೊಂಡು ನಾನೇ ಹಿಂಡಿ ಒಣಹಾಕಿದೆ.

ಇನ್ನೆರಡು ಕಂತು ಉಳಿದಿದ್ದಾಗ, ಶುಕ್ರವಾರದ ಬಸ್ಸಿಗೆ ಡಬ್ಬಿಗಳು ಬಂದವು. ಮೇಷ್ಟ್ರು ಎಂದಿನಂತೆ ಟೆಂಟಿನ ಹಿಂದೆ ಲಂಟಾನದ ಬೇಲಿಯ ಪಕ್ಕ ಕೂತು ಸುರುಳಿಯನ್ನು ಬಿಸಿಲಿಗೆ ಹಿಡಿದರು. ನೋಡುತ್ತಾ ನೋಡುತ್ತಾ ಕೈ ನಿಂತಿತು. ನನ್ನನ್ನು ಕರೆದು ತೋರಿಸಿದರು. ಬೆರಳುಗುರಿನಷ್ಟು ಚಿತ್ರಗಳು. ಯಂತ್ರದ ಕೋಣೆಯಲ್ಲಿ ಸಣ್ಣಪ್ಪ. ಅವನ ಕೈ ಒಂದು ದೊಡ್ಡ ಹಿಡಿಯ ಮೇಲೆ. ನಡುವೆ ಕಬ್ಬಿಣದ ಬಾಗಿಲು ಮುಚ್ಚಿಕೊಳ್ಳುತ್ತಿದೆ, ಬಾಗಿಲ ಈಚೆ ಸಾಹೇಬ. ಆಮೇಲೆ ಹೊಗೆ. ಆಮೇಲೆ ಸಾಹೇಬನ ರಾಕೆಟ್ಟು ಮೇಲೆ ಏಳುತ್ತಿದೆ. ಕೊನೆಯ ಕಂತಿನ ಡಬ್ಬಿಯನ್ನೂ ಬಿಚ್ಚಿ ತುದಿಯಿಂದ ತುದಿಗೆ ನೋಡಿದೆವು. ಸಣ್ಣಪ್ಪ ಎಲ್ಲೂ ಇರಲಿಲ್ಲ.

“ಕತ್ತರಿಸಿ ಹಾಕ್ತೀನಿ ಮೇಷ್ಟ್ರೆ. ಈ ತುಂಡು ತೆಗೆದು ಅಂಟಿಸಿಬಿಟ್ಟರೆ ಯಾರಿಗೆ ಗೊತ್ತಾಗ್ತದೆ?” ಎಂದೆ. ಆ ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು.

“ಮುಂದ್ಲ ವಾರ ಸಣ್ಣಪ್ಪ ಎಲ್ಲಿ ಅಂತಾರೆ. ಏನ್ ಯೋಳ್ಳಿ?”

“ಹಾಗಾದ್ರೆ ಸಾಯ್ಲಿಲ್ಲ ಅಂದ್ಬುಡಿ.”

“ಕಣ್ಣೆದ್ರುಗೇ ಕಾಣ್ತದಲ್ಲಲಾ.” ಸುರುಳಿಯನ್ನು ಮೆಲ್ಲಗೆ ಸುತ್ತತೊಡಗಿದರು. “ಸಾಯಾದು ತಪ್ಸಕ್ಕಾಗಲ್ಲ. ಅವ್ನು ಯಾಕ್ ಉಳ್ಕಂಡ ಅಂತ ನಾನು ಯೋಳ್ಬೇಕು. ಯೋಳ್ದೆ ಓದ್ರೆ ಸಾಹೇಬ ಬಾಕ್ಲಾಕಿ ಬುಟ್ಟೋದ ಅಂತ್ಲೇ ಕಾಣ್ತದೆ, ನೋಡು. ಇವ್ನೇ ಒಳ್ಗಿಂದ ಮುಚ್ಕಂಡವ್ನೆ. ಯಾಕೆ ಅಂತ ನಂಗೆ ಗೊತ್ತು. ಅದೊಂದ್ ಮಾತು ಯೋಳ್ಬುಟ್ಟು ಸೋಮ್ವಾರ ನಿನ್ ಜೊತೆ ಮೈಸೂರಿಗೆ ಬತ್ತೀನಿ. ಸಣ್ಣಪ್ಪನಾಣೆಗೂ ಬತ್ತೀನಿ.”

ಯಾಕೆ ಉಳಿದ ಎಂದು ನಾನು ಆಗಲೇ ಕೇಳಬಹುದಿತ್ತು. ಮಾತು ಖರ್ಚಾದೀತೆಂದು ಕೇಳಲಿಲ್ಲ. ಅವರೂ ಅಲ್ಲಿಂದ ಮುಂದೆ ಯಾರ ಜೊತೆಗೂ ಒಂದು ಮಾತಾಡಲಿಲ್ಲ. ಅತಿಮಧುರದ ಬೇರನ್ನು ಬಾಯಲ್ಲಿಟ್ಟುಕೊಂಡು, ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾ, ಶನಿವಾರ ಸಂಜೆಗೆ ದನಿ ಕೂಡಿಟ್ಟರು.

ಆ ಸಂಜೆ ಟೆಂಟು ಕಿಕ್ಕಿರಿದಿತ್ತು. ಕಂತು ಶುರುವಾದಾಗ ಮೇಷ್ಟ್ರು ಮಾತಾಡಲಿಲ್ಲ. ಜನರೂ ಬೇಸರ ಮಾಡಿಕೊಳ್ಳಲಿಲ್ಲ, ಸಣ್ಣಪ್ಪನ ಕುಂಟು ನಡಿಗೆ ಅವರಿಗೆ ಹೇಳದೆಯೂ ಗೊತ್ತಿತ್ತು. ಯಂತ್ರದ ಕೋಣೆ ಬಂತು. ಬಾಗಿಲು ಅಲುಗಿತು. ನನ್ನ ಮಣಿಕಟ್ಟಿನ ಹುರಿ ಒಂದು ಸಲ ಜಗ್ಗಿತು. ಸದ್ದನ್ನು ಪೂರ್ತಿ ಇಳಿಸಿದೆ. ಟೆಂಟಿನಲ್ಲಿ ಪ್ರೊಜೆಕ್ಟರಿನ ಟರಟರ ಬಿಟ್ಟರೆ ಬೇರೆ ಸದ್ದಿಲ್ಲ. ಎಲ್ಲರ ಮುಖವೂ ಮೇಷ್ಟ್ರ ಕಡೆ ತಿರುಗಿತು.

ದನಿ ಬರಲಿಲ್ಲ. ಗಂಟಲಿನ ಗಂಟು ಮೇಲೆ ಕೆಳಗೆ ಓಡಾಡುತ್ತಿತ್ತು, ಕೊಳವೆ ಬಾಯಿಗೆ ಒತ್ತಿಕೊಂಡಿತ್ತು, ಅವರು ಮಾತಾಡುತ್ತಲೇ ಇದ್ದರು. ಗಾಳಿಯಷ್ಟೇ ಬರುತ್ತಿತ್ತು. ಹುರಿ ಮತ್ತೆ ಜಗ್ಗಿತು, ಒಂದು ಸಲ. ಇನ್ನೂ ತಗ್ಗಿಸು ಎಂದು. ನನ್ನ ಕೈ ಗುಂಡಿಯ ಮೇಲೇ ಇತ್ತು, ತಗ್ಗಿಸಲು ಅಲ್ಲಿ ಸದ್ದೇ ಉಳಿದಿರಲಿಲ್ಲ. ಮತ್ತೆ ಜಗ್ಗಿತು. ಸಿನಿಮಾದ ಗಲಾಟೆಯಲ್ಲಿ ತಮ್ಮ ಮಾತು ಮುಳುಗುತ್ತಿದೆ ಎಂದು ಅವರು ತಿಳಿದಿದ್ದರೋ, ಹಾಗೆ ತಿಳಿಯಲು ಬಯಸಿದ್ದರೋ. ಮಣಿಕಟ್ಟಿಗೆ ಹುರಿ ಕೊರೆಯುವ ಹಾಗೆ ಜಗ್ಗುತ್ತಲೇ ಇದ್ದರು. ನಾನು ಅಷ್ಟು ಕೈಲಾಗದವನಾಗಿ ಯಾವತ್ತೂ ನಿಂತಿರಲಿಲ್ಲ.

“ಮೇಷ್ಟ್ರೆ, ಏನಾರ ಯೋಳ್ರಪ್ಪಾ!” ಕಡ್ಲೆಕಾಯಿ ಅಜ್ಜಿಯ ಕೂಗು. ಅಷ್ಟರಲ್ಲಿ ಪರದೆಯ ಮೇಲೆ ಬಾಗಿಲು ಮುಚ್ಚಿ ಹೊಗೆ ಎದ್ದಿತ್ತು. ಯಾರೋ ಎದ್ದು ನಿಂತು, “ಸಾಹೇಬ ಬಾಕ್ಲಾಕ್ಬುಟ್ಟ ಕಣ್ರಲೇ! ಬಡ್ಡೆತ್ತದು, ಸಣ್ಣಪ್ಪನ್ನ ಬುಟ್ಟೋದ!” ಎಂದ. ಅಷ್ಟೇ ಸಾಕಾಯಿತು. ಟೆಂಟಿಗೆ ಟೆಂಟೇ ಎದ್ದಿತು. ಕಾಲಿನ ಕೆರಗಳು ಹಾರಿ ಹೋಗಿ ಸಾಹೇಬನ ಮುಖಕ್ಕೆ ಬಡಿದು ಕೆಳಗೆ ಬಿದ್ದವು. ನಾನು ಕಿಂಡಿಗೆ ಬಾಯಿಟ್ಟು, “ಅವನೇ ಮುಚ್ಕಂಡಿದ್ದು! ಅವನೇ ಉಳ್ಕಂಡಿದ್ದು!” ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಒಬ್ಬರಿಗೂ ಕೇಳಲಿಲ್ಲ. ಕೇಳಿದ್ದರೂ ಯಾಕೆ ಎಂದು ಕೇಳುತ್ತಿದ್ದರು, ಅದು ನನಗೆ ಗೊತ್ತಿರಲಿಲ್ಲ.

ದೀಪ ಹಾಕಿದಾಗ ಮೇಷ್ಟ್ರು ಹಲಗೆಯ ಮೇಲೆ ಕೂತುಬಿಟ್ಟಿದ್ದರು. ಕೊಳವೆ ಇನ್ನೂ ಕೈಯಲ್ಲಿತ್ತು. ಅಜ್ಜಿ ಅವರ ಮುಂದೆ ಹೋಗಿ ನಿಂತು, ಬೈಯಲೆಂದೇ ಹೋದವಳು, ಅವರ ಮುಖ ನೋಡಿ ತಿರುಗಿ ನಡೆದಳು.

ಮುಂದಿನ ಶನಿವಾರ ಕೊನೆಯ ಕಂತಿಗೆ ಜನ ಬರಲಿಲ್ಲ. ಸಾಹೇಬ ಅಂಗಾರಕವನ್ನು ಗೆದ್ದು ಬಂದು ಹಾರ ಹಾಕಿಸಿಕೊಂಡದ್ದನ್ನು ಯಜಮಾನರು, ಅವರ ಭಾಮೈದ, ಮತ್ತೆ ಮಳೆಗೆ ಒಳಗೆ ಬಂದ ನಾಲ್ಕಾರು ಮಂದಿ ನೋಡಿದರು. ಹುಣಸೂರಿನ ಮಟ್ಟಿಗೆ ಕತೆ ಹಿಂದಿನ ವಾರವೇ ಮುಗಿದಿತ್ತು.

ಮೇಷ್ಟ್ರು ಅದಕ್ಕೆ ಮುಂಚೆಯೇ, ಕೊಟ್ಟ ಮಾತಿನಂತೆ ಆ ಸೋಮವಾರವೇ ನನ್ನ ಜೊತೆ ಮೈಸೂರಿಗೆ ಬಂದಿದ್ದರು. ಆಪರೇಷನ್ ಆಯಿತು. ಕತ್ತಿನ ಬುಡದಲ್ಲಿ ಒಂದು ತೂತು, ಉಸಿರೆಲ್ಲ ಅಲ್ಲಿಂದಲೇ. ಅದನ್ನು ಮುಚ್ಚಿಕೊಳ್ಳಲು ಒಂದು ಬಿಳಿ ಬಟ್ಟೆ ಕಟ್ಟಿಕೊಂಡು ರಾವಂದೂರಿಗೆ ಹೋದರು. 'ಇನ್ನೂ ಮೊದಲೇ ಬಂದಿದ್ದರೆ' ಎಂದು ಆಸ್ಪತ್ರೆ ಬಿಡುವಾಗ ಡಾಕ್ಟರು ಮಾತು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದರು. ಉಳಿದರ್ಧವನ್ನು ಕೇಳುವ ಧೈರ್ಯ ನನಗೂ ಬರಲಿಲ್ಲ, ಅವರ ಹೆಂಡತಿಗೂ ಬರಲಿಲ್ಲ. ಬರೆದು ತೋರಿಸಿ ಎಂದು ಮನೆಯವರು ಸ್ಲೇಟು ಕೊಟ್ಟರೆ ಪಕ್ಕಕ್ಕಿಡುತ್ತಿದ್ದರಂತೆ. ಅವರ ಕತೆ ಯಾವಾಗಲೂ ಬಾಯಲ್ಲೇ ಹುಟ್ಟಿದ್ದು, ಸೀಮೆಸುಣ್ಣಕ್ಕೆ ಇಳಿಯುವಂಥದ್ದಲ್ಲ.

ವರ್ಷದೊಳಗೆ ಒಂದು ಸಲ ಹುಣಸೂರಿಗೆ ಬಂದರು. ಟೆಂಟಿನಲ್ಲಿ ಕನ್ನಡ ಸಿನಿಮಾ ನಡೆಯುತ್ತಿತ್ತು. ಎಲ್ಲರ ನಡುವೆ ನೆಲದ ಮೇಲೆ ಕೂತು ನೋಡಿದರು, ಜನ ಅವರಿಗೆ ಜಾಗ ಬಿಟ್ಟು ಕೂತರು. ಮೈ ಅರ್ಧಕ್ಕೆ ಇಳಿದಿತ್ತು. ಮಾರನೆಯ ದಿನ ಬೆಳಿಗ್ಗೆ ಬಸ್ಸಿಗೆ ಬಿಡಲು ಹೋದಾಗ ನಾನು ಕೇಳಿಯೇ ಬಿಟ್ಟೆ: “ಮೇಷ್ಟ್ರೆ, ಅವತ್ತು ಸಣ್ಣಪ್ಪ ಯಾಕೆ ಉಳ್ಕಂಡ? ಏನ್ ಯೋಳ್ಬೇಕು ಅಂತಿದ್ರಿ?”

ಅವರ ಮುಖ ಹಿಗ್ಗಿತು. ಕೈಚೀಲವನ್ನು ಕೆಳಗಿಟ್ಟರು. ಬಸ್ ಸ್ಟ್ಯಾಂಡಿನ ನಡುವೆ, ಬಿಸಿಲಲ್ಲಿ ನಿಂತು, ತುಟಿಯಾಡಿಸುತ್ತಾ ಹೇಳತೊಡಗಿದರು. ಕೈಯನ್ನು ಎದೆಗೆ ತಂದರು, ದೂರಕ್ಕೆ ಚಾಚಿದರು, ಹುಬ್ಬು ಎತ್ತಿದರು, ಒಂದು ಕಡೆ ನಕ್ಕರು, ಒಂದು ಕಡೆ ಕಣ್ಣಲ್ಲಿ ನೀರು ತಂದುಕೊಂಡರು. ಉದ್ದನೆಯ ಮಾತು. ನಾನು ತುಟಿಯನ್ನೇ ನೋಡಿದೆ. ಒಂದಕ್ಷರ ನನಗೆ ಸಿಗಲಿಲ್ಲ. ಮತ್ತೊಮ್ಮೆ ಹೇಳಿ ಎನ್ನೋಣವೆಂದರೆ ಕಂಡಕ್ಟರು ಸೀಟಿ ಊದಿದ. ಅವರು ಮುಗಿಸಿ, ಹೇಗಿದೆ ಎಂಬ ಹಾಗೆ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಅವರು ನನ್ನ ಬೆನ್ನು ತಟ್ಟಿ ಬಸ್ಸು ಹತ್ತಿದರು.

ಮುಂಗಾರು ಹಿಡಿಯುವ ಮೊದಲೇ ರಾವಂದೂರಿನಿಂದ ಸುದ್ದಿ ಬಂತು. ಮಣ್ಣಿಗೆ ಹೋಗಿದ್ದೆ. ಎಲ್ಲ ಮುಗಿದು ಹೊರಡುವಾಗ ಅವರ ಹೆಂಡತಿ ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿದರು.

“ಹುಣಸೂರಿಂದ ಬಂದ ದಿವ್ಸ ಬಲು ನೆಮ್ದಿಯಾಗಿದ್ರು,” ಎಂದರು. “ಆಪರೇಟರ್‌ಗೆ ಎಲ್ಲಾ ಯೋಳ್ಬುಟ್ಟೆ, ಅವ್ನಿಗೆ ಅರ್ಥ ಆಯ್ತು ಅಂತ ಸನ್ನೆ ಮಾಡಿ ತೋರುಸುದ್ರು. ನಂಗೆ ಎಷ್ಟ್ ಯೋಳುದ್ರೂ ತಿಳೀನಿಲ್ಲ. ಏನಪ್ಪಾ ಅದು, ಅವ್ರು ಯೋಳಿದ್ದು?”

ಆಕೆ ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದರು.